ಬಾಸಾ ಹೂಳಿದ ಸಂಜೆ

ಆಲ್ಬೀನ್ ಸತ್ತ ಸುದ್ದಿ ತಂದವರು ಆ ಮೂವರೇ. ಟೋಪಿ ಕೈಯಲ್ಲಿ ಹಿಡಿದು ನನ್ನ ಪಬ್ಬಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಅವರನ್ನು ಕಂಡು ನಾನು ಮೊದಲು ಅಂದದ್ದು, "ಈ ಸಲ ಏನು ಮುರಿದ್ರಿ?" ಎಂದು. ತಪ್ಪು ನನ್ನದಲ್ಲ, ಅವರ ಚರಿತ್ರೆಯೇ ಹಾಗಿದೆ. ಕೆರೆಗೆ ಜಾರಿದ ರೊಸ್ತ್ಯಾನ ಕಾರನ್ನು ಎಳೆಯಲು ಹೂಬೆರ್ತ್ ತನ್ನ ಟ್ರ್ಯಾಕ್ಟರ್ ತಂದಿದ್ದ. ಸಂಜೆಯ ಹೊತ್ತಿಗೆ ಕೆರೆಯಲ್ಲಿ ಎರಡೂ ಇದ್ದವು, ವೆಂದೆಲೀನ್ ದಡದಲ್ಲಿ ನಿಂತು ತಾನು ಕಟ್ಟಿದ ಗಂಟು ಸರಿಯಾಗಿಯೇ ಇತ್ತೆಂದು ವಾದಿಸುತ್ತಿದ್ದ. ಇನ್ನೊಮ್ಮೆ ಪಕ್ಕದೂರಿನ ಸಾವಿಗೆ ವಾದ್ಯ ನುಡಿಸಲು ಹೊರಟವರು ಮಂಜಿನಲ್ಲಿ ದಾರಿ ತಪ್ಪಿ, ಬೇರಾವುದೋ ಊರಿನ ಮದುವೆ ಮನೆಯ ಮುಂದೆ ನಿಂತು ಹೆಣದ ಹಾಡು ನುಡಿಸಿ ಬಂದಿದ್ದರು.

"ಆಲ್ಬೀನ್ ಹೋದ, ಬ್ಲಾಝೆನಾ" ಅಂದ ಹೂಬೆರ್ತ್. "ಬೆಳಿಗ್ಗೆ. ಆಸ್ಪತ್ರೇಲಿ."

ಗಲ್ಲಾದ ಹಿಂದೆ ನಿಂತಿದ್ದವಳು ಹಾಗೆಯೇ ಬಿಯರ್ ಪೀಪಾಯಿಯ ಮೇಲೆ ಕುಳಿತುಬಿಟ್ಟೆ.

ಆಲ್ಬೀನ್ ನಮ್ಮ ಹಳ್ಳಿ ಹೂರ್ಕಾದ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದವನು. ವರ್ಷವಿಡೀ ಅವನ ಬಾಯಿಂದ ಮಾತು ಹೊರಡಿಸಲು ಇಕ್ಕಳ ಬೇಕಿತ್ತು. ಒಂದೇ ಒಂದು ದಿನ, ಉಪವಾಸದ ಕಾಲ ಶುರುವಾಗುವ ಹಿಂದಿನ ಮಂಗಳವಾರ, ಅವನ ನಾಲಿಗೆಗೆ ಕಡಿವಾಣವೇ ಇರುತ್ತಿರಲಿಲ್ಲ. ಅಂದು ನನ್ನ ಪಬ್ಬಿನ ದೊಡ್ಡ ಹಾಲ್‌ನಲ್ಲಿ ಬಾಸಾ ಹೂಳುತ್ತೇವೆ. ಬಾಸಾ ಎಂದರೆ ವಾದ್ಯದವರ ಆಳೆತ್ತರದ ಪಿಟೀಲು. ಮರುದಿನದಿಂದ ಈಸ್ಟರಿನವರೆಗೆ ಊರಲ್ಲಿ ಯಾರೂ ವಾದ್ಯ ಮುಟ್ಟುವಂತಿಲ್ಲವಲ್ಲ, ಅದಕ್ಕೆ ಬಾಸಾ ಸತ್ತಿತು ಎಂದು ಚಟ್ಟದ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಎಲ್ಲರೂ ಎದೆ ಬಡಿದುಕೊಂಡು ಸುಳ್ಳು ಅಳು ಅಳುತ್ತೇವೆ. ಲಂಗ ತೊಟ್ಟ ಗಂಡಸೊಬ್ಬ ಬಾಸಾದ ವಿಧವೆಯಾಗುತ್ತಾನೆ. ಪಾದ್ರಿಯ ವೇಷ ಯಾವಾಗಲೂ ಆಲ್ಬೀನನದು. ಮೇಜಿನ ಬಟ್ಟೆಯನ್ನು ಹೆಗಲಿಗೆ ಹೊದ್ದು, ಬಕೆಟ್ಟಿನ ಬಿಯರನ್ನು ಪೊರಕೆಯಿಂದ ಚಿಮುಕಿಸುತ್ತ, ಊರವರ ಪಾಪಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದ. ಯಾರ ಬಾತುಕೋಳಿ ಯಾರ ಪಾತ್ರೆ ಸೇರಿತು, ಯಾರ ಸೈಕಲ್ಲು ಯಾರ ಹಿಂಬಾಗಿಲಲ್ಲಿ ಬೆಳಗಿನವರೆಗೂ ನಿಂತಿತ್ತು, ಎಲ್ಲ. ಬೈಸಿಕೊಂಡವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಅಂಥವನಿಗೆ ಸಂಸ್ಕಾರವೇ ಬೇಡ ಎಂದು ಮಗಳು ತೀರ್ಮಾನಿಸಿದ್ದಳು. ಆಸ್ಪತ್ರೆಯಿಂದ ನೇರವಾಗಿ ಸುಡುವಲ್ಲಿಗೆ. ಹಾಡಿಲ್ಲ, ಹೂವಿಲ್ಲ, ಜನವಿಲ್ಲ. ನಮ್ಮಲ್ಲಿ ಈಗ ಹಾಗೆ ಮಾಡುವವರೇ ಹೆಚ್ಚು, ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ. ಮಗಳು ಲಿಯೋನಾ ಬ್ರನೋ ನಗರದಲ್ಲಿ ಟ್ರಾಮ್ ಓಡಿಸುತ್ತಾಳೆ. ಫೋನ್ ಮಾಡಿದೆ.

"ಅಪ್ಪ ವರ್ಷಾ ವರ್ಷಾ ಹೆಣದ ನಾಟಕ ಆಡಿದಾರೆ ಆಂಟಿ" ಅಂದಳು. "ಅವರ ಪಾಲಿಂದು ಎಲ್ಲ ಆಗಿಹೋಗಿದೆ. ಇನ್ನೊಂದು ಬೇಕಾಗಿಲ್ಲ."

ಅವಳ ಸಿಟ್ಟು ಎಲ್ಲಿಯದೆಂದು ಊರಿಗೆಲ್ಲ ಗೊತ್ತು. ತಾಯಿಯನ್ನು ಮಣ್ಣು ಮಾಡಿದ ವಾರದಲ್ಲೇ ಆಲ್ಬೀನ್ ಇಲ್ಲಿ ಬಾಸಾ ಹೂಳಿ ಜನರನ್ನು ನಗಿಸಿದ್ದ. ಆಗವಳು ಶಾಲೆ ಮುಗಿಸಿದ ಹುಡುಗಿ. ಮಾರನೆಯ ದಿನವೇ ಪೆಟ್ಟಿಗೆ ಕಟ್ಟಿಕೊಂಡು ಹೊರಟವಳು, ಆಮೇಲೆ ಬಂದದ್ದೆಲ್ಲ ನೆಂಟರ ಹಾಗೆ, ಕೋಟು ಬಿಚ್ಚದೆ.

ಸೋಮವಾರ ಮೂವರೂ ನನ್ನ ಅಡುಗೆಮನೆಯ ಮೇಜಿಗೆ ಬಂದು ಕುಳಿತರು. ವೆಂದೆಲೀನ್ ಪಟ್ಟಣದ ಒಂದು ಶವಸಂಸ್ಕಾರದ ಕಂಪನಿಯಲ್ಲಿ ಡ್ರೈವರ್. ಬಾಸಾ ಬಾರಿಸುವವನು ಹೂಬೆರ್ತ್. ಡೋಲು ಬಡಿಯುವವನು ರೊಸ್ತ್ಯಾ. ಮೂವರೂ ಬಿಯರ್ ಕೇಳಲಿಲ್ಲ. ಏನೋ ಕಾದಿದೆ ಎಂದು ನನಗೆ ಆಗಲೇ ಅನ್ನಿಸಿತು.

"ನಾಳೆ ಆಲ್ಬೀನನ್ನ ಆಸ್ಪತ್ರೆಯಿಂದ ತರೋನು ನಾನೇ" ಅಂದ ವೆಂದೆಲೀನ್. "ಸುಡೋದು ಬುಧವಾರ ಬೆಳಿಗ್ಗೆ. ರಾತ್ರಿ ಗಾಡಿ ನಮ್ಮನೆ ಶೆಡ್ಡಲ್ಲೇ ಇರತ್ತೆ."

"ಇದ್ರೆ ಏನೀಗ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ರೊಸ್ತ್ಯಾ ಬಾಯಿಬಿಟ್ಟ. "ಬಾಸಾ ಜಾಗದಲ್ಲಿ ಅವನನ್ನ ಮಲಗಿಸೋಣ ಅಂತ."

ಕೈಯಲ್ಲಿದ್ದ ಸೌಟಿನಿಂದ ಹತ್ತಿರ ಸಿಕ್ಕಿದವನಿಗೆ ಬಾರಿಸಿದೆ. ಸಿಕ್ಕಿದವನು ಹೂಬೆರ್ತ್. ಅವನು ತಲೆ ಸವರಿಕೊಂಡನೇ ಹೊರತು ಏಳಲಿಲ್ಲ.

"ಕೇಳು ಬ್ಲಾಝೆನಾ" ಅಂದ. "ಮೇಲೆ ಬಟ್ಟೆ ಹೊದಿಸಿರ್ತೀವಿ. ಒಳಗೆ ಏನಿದೆ ಅಂತ ಯಾರು ನೋಡ್ತಾರೆ? ಇಡೀ ಊರು ಅಳತ್ತೆ."

"ಸುಳ್ಳು ಅಳು ಕಣೋ ಅದು, ಕತ್ತೆ."

"ನಾವು ಮೂವರು ನಿಜವಾಗಿ ಅಳ್ತೀವಲ್ಲ. ಉಳಿದವರದ್ದು ಜೊತೆಗೆ ಕೂಡ್ಕೊಳ್ಲಿ. ಅವನಿಗೇನು ಗೊತ್ತಾಗತ್ತೆ."

"ಇದು ಹೊರಗೆ ಗೊತ್ತಾದ್ರೆ ನಿಂಗೆ ಏನಾಗತ್ತೆ ಅಂತ ಗೊತ್ತಾ?" ಎಂದು ವೆಂದೆಲೀನನ್ನು ಕೇಳಿದೆ. "ಕೆಲಸ ಹೋಗತ್ತೆ. ಪೊಲೀಸ್ ಬರತ್ತೆ."

"ಹೋಗತ್ತೆ" ಅಂದ ಅವನು. "ಈ ವಯಸ್ಸಲ್ಲಿ ಇನ್ಯಾರೂ ಕೆಲಸ ಕೊಡಲ್ಲ. ಆದ್ರೆ ನಾನು ಎಷ್ಟು ಜನರನ್ನ ಹಾಗೆ ಸಾಗಿಸಿದೀನಿ ಬ್ಲಾಝೆನಾ, ಹಿಂದೆ ಒಂದು ಕಾರೂ ಇರಲ್ಲ. ಬಾಗಿಲು ತೆಗೀತಾರೆ, ತಗೋತಾರೆ, ಮುಚ್ತಾರೆ. ಆಲ್ಬೀನನ್ನ ಹಾಗೆ ಬಿಟ್ಟು ಬರೋಕೆ ನನ್ನ ಕೈಲಿ ಆಗಲ್ಲ."

ಬೈದು ಹೊರಗಟ್ಟಬೇಕಿತ್ತು. ಬೈದೆ, ಆದರೆ ಹೊರಗಟ್ಟಲಿಲ್ಲ. ಹೇಳುವುದಾದರೆ ಹೇಳಿಬಿಡುತ್ತೇನೆ, ಆಲ್ಬೀನ್ ನನಗೆ ಬೇಕಾದವನಾಗಿದ್ದ. ಹೆಂಡತಿ ಸತ್ತ ಮೇಲೆ ಮಧ್ಯಾಹ್ನದ ಊಟಕ್ಕೆ ಅವನು ಇಲ್ಲಿಗೇ ಬರುತ್ತಿದ್ದ, ಒಲೆಯ ಪಕ್ಕದ ಮೇಜಿಗೆ. ಸೂಪು ಬಡಿಸುತ್ತಿದ್ದೆ. ಸೂಪಿನಾಚೆಗೆ ಅವನೇನೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಹಾಗೇ ವಯಸ್ಸಾಯಿತು. ಅವನನ್ನು ಯಾರೂ ನೋಡದೆ ಬೆಂಕಿಗೆ ತಳ್ಳುತ್ತಾರೆಂಬುದನ್ನು ನಾನೂ ಸಹಿಸಲಾರದಾದೆ.

"ಹಾಲ್‌ನ ಒಲೆ ಹಚ್ಚಬಾರದು" ಅಂದೆ. "ಕಿಟಕಿ ತೆಗೆದಿರಬೇಕು." ಮೂವರೂ ತಲೆಯಾಡಿಸಿದರು.

ಮಂಗಳವಾರ ಸಂಜೆ ಗಾಡಿ ನನ್ನ ಹಿತ್ತಲಿಗೆ ಬಂತು. ಹಗಲೆಲ್ಲ ಕರಗಿದ ಹಿಮ ಮತ್ತೆ ಗಟ್ಟಿಯಾಗಿತ್ತು. ಒಂದು ಹಿಡಿ ಬೂದಿ ಚೆಲ್ಲಿ ಎಂದು ಹೇಳಿದ್ದೆ. ರೊಸ್ತ್ಯಾ ಚೆಲ್ಲಿದ್ದ, ಬಾಗಿಲಿನ ಇನ್ನೊಂದು ಕಡೆಗೆ. ಪೆಟ್ಟಿಗೆಯಿಂದ ಅವನನ್ನು ಎತ್ತಿಕೊಂಡು ಬರುವಾಗ ಮುಂದಿದ್ದ ಹೂಬೆರ್ತ್ ಜಾರಿದ, ಅವನ ಹಿಂದೆ ವೆಂದೆಲೀನ್ ಜಾರಿದ, ಆಲ್ಬೀನ್ ಇಬ್ಬರ ಮೇಲೆ ಬಿದ್ದ. ಹೆಣವೂ ಸೇರಿ ಮೂವರೂ ಮಂಜುಗಡ್ಡೆಯ ಮೇಲೆ ಹಾಗೇ ಬಿದ್ದುಕೊಂಡಿದ್ದರು.

"ಕ್ಷಮಿಸು ಕಣೋ ಆಲ್ಬೀನ್" ಎಂದು ಅಡಿಯಿಂದ ಹೂಬೆರ್ತ್ ಹೇಳುತ್ತಿದ್ದ. "ನೋವಾಯ್ತಾ?"

"ಅವನಿಗೆ ಯಾಕೋ ಆಗತ್ತೆ, ನನ್ನ ಮಂಡಿ ಹೋಯ್ತು" ಅಂದ ವೆಂದೆಲೀನ್.

ನಗು ಬಂತು. ನಗುತ್ತಲೇ ನನ್ನ ಕಣ್ಣಲ್ಲಿ ನೀರು ಬಂತು, ನಾನು ಒರೆಸಿಕೊಳ್ಳಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದೆವು. ಮಗಳು ಬಟ್ಟೆ ಕಳಿಸಿರಲಿಲ್ಲ, ಆಸ್ಪತ್ರೆಯ ಹಚ್ಚಡವೊಂದರಲ್ಲಿ ಸುತ್ತಿದ್ದರು. ತೀರಿಹೋದ ನನ್ನ ಗಂಡನ ಕಪ್ಪು ಕೋಟು ಕಪಾಟಿನಲ್ಲಿತ್ತು, ತಂದು ಮೇಲೆ ಹೊದಿಸಿದೆ. ಕೂದಲು ಒಂದು ಕಡೆಗೆ ಎದ್ದು ನಿಂತಿತ್ತು, ಬಾಚಣಿಗೆ ನೀರಲ್ಲಿ ಅದ್ದಿ ಬಾಚಿದೆ. ಬದುಕಿದ್ದಾಗ ಒಮ್ಮೆಯೂ ಅವನ ತಲೆ ಮುಟ್ಟಿರಲಿಲ್ಲ. ಮೂವರೂ ಗೋಡೆಯ ಕಡೆಗೆ ತಿರುಗಿ ನಿಂತರು, ಅಷ್ಟು ಬುದ್ಧಿ ಅವರಿಗಿತ್ತು.

ಆಮೇಲೆ ಅವನನ್ನು ಬಾಸಾ ಮಾಡಬೇಕಿತ್ತು. ಸೊಂಟದ ಎರಡೂ ಬದಿಗೆ ದಿಂಬು ತುರುಕಿದೆವು, ತಲೆಯ ಮೇಲ್ಗಡೆ ಒಂದು ಪೊರಕೆಯ ಹಿಡಿ ಇಟ್ಟು ಉದ್ದ ಮಾಡಿದೆವು, ಮೇಲೆ ಬಿಳಿ ಬಟ್ಟೆ ಹೊದಿಸಿ ಅದರ ಮೇಲೆ ಬಾಸಾದ ಕಮಾನು ಇಟ್ಟೆವು. ನಿಜವಾದ ಬಾಸಾವನ್ನು ಉಪ್ಪಿನಲ್ಲಿ ಹುಳಿಯಿಟ್ಟ ಎಲೆಕೋಸಿನ ಪೀಪಾಯಿಗಳ ನಡುವೆ ನಿಲ್ಲಿಸಿ ಉಗ್ರಾಣಕ್ಕೆ ಬೀಗ ಹಾಕಿದೆ. ಚಟ್ಟ ಹೊರಲು ಬೇರೆಯವರನ್ನು ಕರೆಯುವಂತಿರಲಿಲ್ಲ, ತೂಕದಲ್ಲೇ ಗುಟ್ಟು ರಟ್ಟಾಗುತ್ತಿತ್ತು. ಬಿಯರ್ ಪೀಪಾಯಿ ತಳ್ಳುವ ಗಾಡಿಯ ಮೇಲೆ ಹಲಗೆ ಹಾಕಿ ಅವನನ್ನು ಮಲಗಿಸಿದೆವು.

ನಮ್ಮದು ಮುದುಕರ ಊರು, ಬಾಸಾ ಹೂಳುವುದೂ ಕತ್ತಲಾಗುತ್ತಲೇ ಶುರುವಾಗಿಬಿಡುತ್ತದೆ. ಹಾಲ್ ತುಂಬಿತ್ತು. ಕರಡಿ ವೇಷದವನು, ಹುಲ್ಲು ಸುತ್ತಿಕೊಂಡವನು, ಮುಖಕ್ಕೆ ಮಸಿ ಬಳಿದುಕೊಂಡವರು, ಎಲ್ಲರ ಕೈಯಲ್ಲೂ ಜಾಮು ತುಂಬಿದ ಕರಿದ ಉಂಡೆ. ನಿವೃತ್ತ ಟೀಚರ್ ಪೆಶ್ಕೊವಾ ಶಾಲು ಎಳೆದುಕೊಂಡು ಗೊಣಗಿದಳು.

"ಬ್ಲಾಝೆನಾ, ನಿಮ್ಮ ಒಲೆಗೂ ಉಪವಾಸ ಶುರುವಾಯ್ತೇನ್ರೀ? ಕಿಟಕಿ ಬೇರೆ ತೆಗ್ದಿದೀರ. ಬಾಸಾ ಜೊತೆ ನಮ್ಮನ್ನೂ ಹೂಳಿ ಬಿಡ್ತೀರ?"

"ಹೊಗೆ ಕಟ್ಟಿಕೊಂಡಿದೆ ಟೀಚರಮ್ಮ" ಅಂದೆ. "ಒಂದು ಪ್ಲಮ್ ಬ್ರಾಂದಿ ಹಾಕ್ಕೊಳಿ, ಬೆಚ್ಚಗಾಗತ್ತೆ." ಹಾಲ್‌ಗೆಲ್ಲ ಬ್ರಾಂದಿ ಬಿಟ್ಟಿಯಾಗಿ ಹಂಚಿದೆ. ಅನುಮಾನ ಬರಬೇಕಾದದ್ದು ಅದಕ್ಕೆ. ಯಾರಿಗೂ ಬರಲಿಲ್ಲ.

ತಳ್ಳುಗಾಡಿ ಕಿರ್ ಕಿರ್ ಎನ್ನುತ್ತ ಒಳಗೆ ಬಂತು. ಮುಂದೆ ರೊಸ್ತ್ಯಾ ಪಾದ್ರಿಯ ವೇಷದಲ್ಲಿ, ಗಾಡಿ ತಳ್ಳುವವನು ವೆಂದೆಲೀನ್, ಪಕ್ಕದಲ್ಲಿ ಕಪ್ಪು ಲಂಗ ತೊಟ್ಟು ಮುಸುಕು ಹಾಕಿದ ವಿಧವೆ ಹೂಬೆರ್ತ್. ಹಾಲ್ ಒಕ್ಕೊರಲಿನಿಂದ ಗೋಳಿಟ್ಟಿತು. ಅಯ್ಯೋ ನಮ್ಮ ಬಾಸಾ, ಅಯ್ಯೋ ನಮ್ಮ ತಂದೆ, ಇನ್ನು ಯಾರ ತಾಳಕ್ಕೆ ಕುಣಿಯೋಣ ಎಂದು. ಟೀಚರ್ ಪೆಶ್ಕೊವಾ ಎಲ್ಲರಿಗಿಂತ ಜೋರಾಗಿ ಎದೆ ಬಡಿದುಕೊಂಡಳು. ಹೂಬೆರ್ತ್ ಹೇಳಿದ್ದು ನಿಜ, ಅಳು ಅಳುವೇ. ಒಂದು ಕ್ಷಣ ನನಗೆ ಸಮಾಧಾನವಾಯಿತು.

ಆಮೇಲೆ ರೊಸ್ತ್ಯಾ ಪಾಪ ಹೇಳಲು ನಿಂತ. ಮೂರು ದಿನದಿಂದ ಬಾಯಿಪಾಠ ಮಾಡಿದ್ದನಂತೆ. "ಪ್ರಿಯ ಸಹೋದರರೇ, ನಾವಿಂದು ಇಲ್ಲಿ..." ಎಂದ. ಬಟ್ಟೆಯ ಕಡೆ ನೋಡಿದ. ಮತ್ತೆ, "ನಾವಿಂದು ಇಲ್ಲಿ..." ಎಂದ. ಪೊರಕೆ ಓರೆಯಾಗಿ ಬಿಯರು ಅವನ ಬೂಟಿನ ಮೇಲೆಯೇ ಸುರಿಯಿತು. ಜನ ಬಿದ್ದು ಬಿದ್ದು ನಕ್ಕರು.

"ಕುಡಿದು ಬಂದಿದಾನೆ ಪಾದ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು. "ಆಲ್ಬೀನ್ ಇದ್ದಿದ್ರೆ ಕಿವಿ ಹಿಂಡ್ತಿದ್ದ ನಿಂಗೆ."

ಆ ಹೆಸರು ಕೇಳಿ ರೊಸ್ತ್ಯಾ ಪೂರ್ತಿ ಕುಸಿದ. ಗೊಳೋ ಎಂದು ಅತ್ತ. ಅವನನ್ನು ನೋಡಿ ವಿಧವೆಯೂ ಅತ್ತಳು. ನಗು ಇನ್ನೂ ಜೋರಾಯಿತು. ನನಗೆ ಅಲ್ಲಿ ಇದ್ದ ಒಬ್ಬೊಬ್ಬರ ಕೆನ್ನೆಗೂ ಬಾರಿಸಬೇಕು ಅನ್ನಿಸಿತು. ಅವರ ತಪ್ಪೇನು, ನಗುವುದಕ್ಕೇ ಬಂದವರು.

ಆಮೇಲಿನದನ್ನು ಮೂವರೂ ಮರೆತಿದ್ದರು. ನಾನೂ ಮರೆತಿದ್ದೆ. ಬಾಸಾಗೆ ವಿದಾಯ ಹೇಳಬೇಕೆಂದವರು ಒಬ್ಬೊಬ್ಬರಾಗಿ ಚಟ್ಟದ ಹತ್ತಿರ ಬಂದು, ಬಾಯಿಗೆ ಬಂದದ್ದು ಹೇಳಿ, ಕೊನೆಗೆ ಬಟ್ಟೆಯ ಮೇಲೆ ಅಂಗೈಯಿಂದ ಒಂದು ಪೆಟ್ಟು ಕೊಡುವುದು ರೂಢಿ. ತಂತಿ ಝೂಂ ಎನ್ನುತ್ತದೆ, ಬಾಸಾ ಉತ್ತರ ಕೊಟ್ಟಿತು ಎಂದು ಎಲ್ಲರೂ ಬಿಯರ್ ಎತ್ತುತ್ತಾರೆ. ಇಷ್ಟೆಲ್ಲ ಹಂಚಿಕೆ ಹಾಕಿದ ಮೂವರು ವಾದ್ಯದವರಿಗೆ, ಹೆಣಕ್ಕೆ ತಂತಿ ಇರುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಕರಡಿ ವೇಷದವನು ಮುಂದೆ ಬಂದು, ಹೆಂಡತಿಗೆ ಹೆದರಿ ಬದುಕಿದ ತನ್ನ ವರ್ಷದ ಕತೆ ಹೇಳಿ, ಕೈ ಎತ್ತಿದ.

"ಮೆಲ್ಲಗೆ" ಅಂದ ವೆಂದೆಲೀನ್, ಅಳುವ ದನಿಯಲ್ಲಿ.

ಪೆಟ್ಟು ಬಿತ್ತು. ದಿಂಬಿನ ಮೇಲೆ ಬಿದ್ದಿತೋ ಏನೋ. ಆ ಕ್ಷಣಕ್ಕೆ ಸರಿಯಾಗಿ ಮುಸುಕಿನೊಳಗಿಂದ ಹೂಬೆರ್ತ್ ಬಾಯಲ್ಲೇ "ಝೂಂ" ಎಂದ. ಬಾಸಾ ಬಾರಿಸುವವನಲ್ಲವೇ, ದನಿ ಅಚ್ಚುಕಟ್ಟಾಗಿ ಬಂತು. ವಿಧವೆಯೇ ಗಂಡನ ದನಿ ತೆಗೆಯುತ್ತಾಳೆ ಎಂದು ಜನ ಕುಣಿದಾಡಿದರು. ಒಬ್ಬರಾದ ಮೇಲೆ ಒಬ್ಬರು ಬಂದರು. ಪೆಟ್ಟು, ಝೂಂ. ಪೆಟ್ಟು, ಝೂಂ. ಪ್ರತಿ ಪೆಟ್ಟಿಗೂ ಗೆಳೆಯರು ಮೂವರೂ ತಾವೇ ಹೊಡೆಸಿಕೊಂಡವರಂತೆ ಕುಗ್ಗುತ್ತಿದ್ದರು. ನಾನು ನೋಡಲಾರದೆ ಅಡುಗೆಮನೆಗೆ ಹೋದೆ.

ಅಲ್ಲಿ ಹಿಂಬಾಗಿಲಲ್ಲಿ ಲಿಯೋನಾ ನಿಂತಿದ್ದಳು. ಅವಳ ಹಿಂದೆ ಕತ್ತಲಲ್ಲಿ ವೆಂದೆಲೀನನ ಗಾಡಿ.

"ಅಪ್ಪನ ಮನೆ ಖಾಲಿ ಮಾಡೋಕೆ ಬಂದಿದ್ದೆ ಆಂಟಿ" ಅಂದಳು. "ನಲ್ಲಿ ಹೆಪ್ಪುಗಟ್ಟಿದೆ, ಒಲೆ ಹತ್ತಲ್ಲ ಅಂತಿದೆ. ಬಿಸಿ ಏನಾದ್ರೂ ಇದ್ಯಾ?"

ಗಾಡಿಯ ಬಗ್ಗೆ ಕೇಳಲಿಲ್ಲ. ಅದು ವೆಂದೆಲೀನನದೆಂದು, ಅವನು ಎಲ್ಲಿಗೆ ಹೋದರೂ ಅದರಲ್ಲೇ ಹೋಗುತ್ತಾನೆಂದು ಅವಳಿಗೂ ಗೊತ್ತು. ಬೆಳ್ಳುಳ್ಳಿ ಸೂಪು ಬಟ್ಟಲಿಗೆ ಹಾಕಿ ಮೇಜಿನ ಮೇಲಿಟ್ಟೆ. ಇಟ್ಟ ಮೇಲೆ ಅದು ಯಾವ ಮೇಜು ಎಂದು ನೆನಪಾಯಿತು. ಅವಳು ಕೋಟು ಬಿಚ್ಚದೆ ಕುಳಿತು ತಿಂದಳು. ಮುಖ ತಂದೆಯದೇ, ಉದ್ದ ಮೂಗು, ಮುಚ್ಚಿದ ಬಾಯಿ. ಹಾಲ್‌ನಿಂದ ಪೆಟ್ಟು, ಝೂಂ, ನಗು ಕೇಳಿಸುತ್ತಲೇ ಇತ್ತು.

"ಈ ವರ್ಷಾನೂ ಬಿಡ್ಲಿಲ್ವ" ಅಂದಳು.

"ರೂಢಿ ಅಲ್ವೇನಮ್ಮ. ತಿಂದು ಹೊರಡು, ಚಳಿ ಜಾಸ್ತಿಯಾಗತ್ತೆ. ಬೇಕಾದ್ರೆ ಮೇಲಿನ ಕೋಣೇಲಿ ಮಲ್ಕೋ, ಹಿಂದಿನ ಮೆಟ್ಟಿಲಿದೆ."

ಅವಳು ಚಮಚ ಕೆಳಗಿಟ್ಟಳು. "ಆ ಬಾಸಾಗೆ ನಾನೂ ಒಂದು ಮಾತು ಹೇಳ್ಬೇಕು" ಅಂದಳು. ತಡೆಯಲು ತೋಳು ಹಿಡಿದೆ. ಕೊಸರಿಕೊಂಡು ಬಾಗಿಲು ದೂಡಿ ಒಳಗೆ ಹೋದಳು.

ಅವಳನ್ನು ಕಂಡು ಹಾಲ್ ತಣ್ಣಗಾಯಿತು. ತಂದೆಯ ಹೆಣ ಇನ್ನೂ ಸುಟ್ಟಿಲ್ಲ, ಇವಳು ಇಲ್ಲಿ ಎಂದು ಎಲ್ಲರ ಮುಖದಲ್ಲೂ ಇತ್ತು. ವೆಂದೆಲೀನ್ ತಳ್ಳುಗಾಡಿಯನ್ನು ಹಿಂದಕ್ಕೆ ಎಳೆಯಲು ನೋಡಿದ, ಚಕ್ರ ಕಿರ್ ಎಂದಿತು. ಅವಳು ಹಲಗೆಯ ಅಂಚಿಗೆ ಕೈ ಇಟ್ಟು ನಿಲ್ಲಿಸಿದಳು.

"ಬಾಸಾ" ಅಂದಳು. ಕೂಗಲಿಲ್ಲ, ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡಿದ ಹಾಗೆ. "ನನ್ನ ಜ್ಞಾಪಕ ಇದ್ಯಾ? ಆ ಕಂಬದ ಹತ್ರ ನಿಂತಿದ್ದೆ. ಶನಿವಾರ ಅಮ್ಮನ್ನ ಮಣ್ಣು ಮಾಡಿದ್ವಿ. ಗುಂಡಿ ಹತ್ರ ಅಪ್ಪ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ನನ್ನ ಕೈ ಕೂಡ ಹಿಡ್ಕೊಳ್ಲಿಲ್ಲ. ಮಂಗಳವಾರ ಬಂದು ನಿನ್ನ ಮೇಲೆ ಬಿದ್ದು ಹೊರಳಾಡಿ ಅತ್ತ. ನಿನ್ನ ಮೇಲೆ, ಒಂದು ಮರದ ತುಂಡಿನ ಮೇಲೆ. ಇವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು. ಅವತ್ತೇ ನಾನು ಅನ್ಕೊಂಡೆ, ಇವನಿಗೆ ನಾನು ಅಳಲ್ಲ ಅಂತ. ಫೋನ್ ಮಾಡ್ದಾಗೆಲ್ಲ ಇಟ್ಬಿಡ್ತಿದ್ದೆ. ಹೋದ ವಾರಾನೂ ಮಾಡಿದ್ದ. ಏನು ಹೇಳೋದಿತ್ತೋ ಏನೋ. ಇಟ್ಬಿಟ್ಟೆ. ಅವನ ಮುಖಕ್ಕೆ ಇದನ್ನ ಹೇಳೋ ಧೈರ್ಯ ನಂಗೆ ಬರ್ಲೇ ಇಲ್ಲ. ನಿಂಗೆ ಹೇಳ್ತಿದೀನಿ. ತಗೋ."

ಕೈ ಎತ್ತಿ ಹೊಡೆದಳು. ರೂಢಿಯ ಪೆಟ್ಟಲ್ಲ, ಬಲವಾದ ಪೆಟ್ಟು.

ಝೂಂ ಬರಲಿಲ್ಲ. ಹೂಬೆರ್ತನ ಮುಸುಕು ಒದ್ದೆಯಾಗಿ ಬಾಯಿಗೆ ಅಂಟಿಕೊಂಡಿತ್ತು, ಅವನಿಂದ ಉಸಿರು ಕೂಡ ಹೊರಡಲಿಲ್ಲ. ಹಾಲ್‌ಗೆ ಹಾಲೇ ಕಾಯುತ್ತಿತ್ತು. ಲಿಯೋನಾ ಹುಬ್ಬು ಗಂಟಿಕ್ಕಿದಳು. ತಂತಿ ಹುಡುಕುವವಳಂತೆ ಬಟ್ಟೆಯ ಅಂಚಿನಿಂದ ಕೈ ಒಳಗೆ ಹಾಕಿದಳು.

ಅವಳ ಕೈ ಅಲ್ಲೇ ನಿಂತಿತು.

ಇನ್ನು ಕಿರುಚುತ್ತಾಳೆ, ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಹಾಗೇ ಬಾಗಿ ನಿಂತಿದ್ದಳು. ಮೊದಲು ವೆಂದೆಲೀನನನ್ನು ನೋಡಿದಳು, ಆಮೇಲೆ ಹೂಬೆರ್ತನನ್ನು, ಆಮೇಲೆ ರೊಸ್ತ್ಯಾನನ್ನು. ಮೂವರೂ ಗಲ್ಲಿಗೇರುವವರ ಹಾಗೆ ನಿಂತಿದ್ದರು. ಕೊನೆಗೆ ನನ್ನನ್ನು ನೋಡಿದಳು. ಬಟ್ಟೆಯ ಅಡಿಯಲ್ಲಿ ಅವಳ ಬೆರಳುಗಳು ಮೆಲ್ಲಗೆ ಸರಿದಾಡಿ ಏನನ್ನೋ ಹಿಡಿದುಕೊಂಡದ್ದು ನನಗೆ ಕಂಡಿತು.

"ಏನ್ ನೋಡ್ತಿದೀರ ಎಲ್ರೂ?" ಎಂದು ಹಾಲ್‌ನ ಕಡೆ ತಿರುಗಿ ಕೇಳಿದಳು. ದನಿ ಒಡೆದಿತ್ತು. "ಅಳಿ. ಅಳೋಕೆ ತಾನೆ ಬಂದಿರೋದು."

ಜನರಿಗೆ ಅಷ್ಟೇ ಬೇಕಿತ್ತು. ನಿಂತುಹೋದ ಆಟ ಮತ್ತೆ ಶುರುವಾಯಿತು ಎಂಬ ಸಮಾಧಾನದಲ್ಲಿ ಹಾಲ್ ಮೊದಲಿಗಿಂತ ದುಪ್ಪಟ್ಟು ಗೋಳಿಟ್ಟಿತು. ಆ ಗದ್ದಲದ ನಡುವೆ ಲಿಯೋನಾ ಹಲಗೆಯ ಮೇಲೆ ತಲೆ ಇಟ್ಟು ಅತ್ತಳು. ಅಪ್ಪ, ಅಪ್ಪ ಎಂದು ಅತ್ತಳು. ಬಾಸಾವನ್ನು ತಂದೆ ಎಂದು ಕರೆದು ಅಳುವುದು ನಮ್ಮಲ್ಲಿ ಇದ್ದದ್ದೇ, ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ವೆಂದೆಲೀನ್ ಗಾಡಿ ತಳ್ಳಿದ. ಅವಳು ಹಿಡಿದದ್ದನ್ನು ಬಿಡಲಿಲ್ಲ. ಸೊಂಟ ಬಗ್ಗಿಸಿ, ಕೈ ಬಟ್ಟೆಯೊಳಗೇ ಇಟ್ಟುಕೊಂಡು, ತಡವರಿಸುತ್ತ ಗಾಡಿಯ ಪಕ್ಕ ನಡೆದಳು. ಜನ ಎದ್ದು ನಿಂತರು. ಮೊದಲು ಕರಡಿ ವೇಷದವನು ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ. ಟೀಚರ್ ಪೆಶ್ಕೊವಾ ಕಣ್ಣೊರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದಳು.

"ಆಲ್ಬೀನನ ಮಗಳಲ್ವೇನ್ರೀ, ರಕ್ತದಲ್ಲೇ ಬಂದಿದೆ. ಎಷ್ಟು ಚೆನ್ನಾಗಿ ಅಳ್ತಾಳೆ ನೋಡಿ."

ಹಿತ್ತಲಲ್ಲಿ ಅವನನ್ನು ಪೆಟ್ಟಿಗೆಗೆ ಇಳಿಸಿದೆವು. ಆ ಸಲ ಯಾರೂ ಜಾರಲಿಲ್ಲ. ಲಿಯೋನಾಳ ಬೆರಳುಗಳನ್ನು ಅವನ ಕೈಯಿಂದ ನಾನೇ ಒಂದೊಂದಾಗಿ ಬಿಡಿಸಬೇಕಾಯಿತು. ಕಪ್ಪು ಕೋಟನ್ನು ಅವನ ಮೇಲೇ ಬಿಟ್ಟೆ.

"ಯಾರ ಕೆಲಸ ಇದು?" ಎಂದು ಕೇಳಿದಳು.

"ನಂದು" ಅಂದರು ಮೂವರೂ, ಒಟ್ಟಿಗೆ.

"ಪೊಲೀಸರಿಗೆ ಹೇಳೋದಾದ್ರೆ ಹೇಳಮ್ಮ" ಅಂದ ವೆಂದೆಲೀನ್. "ಅವರಿಬ್ರನ್ನ ಬಿಟ್ಬಿಡು. ಗಾಡಿ ನಂದು."

ಅವಳು ಹಾಲ್‌ನ ಕಡೆ ತಿರುಗಿ ನಿಂತಿದ್ದಳು. ಒಳಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಯಾರೋ ಅವಳ ಹೆಸರು ಹಿಡಿದು ಮತ್ತೆ ಬಾ ಎಂದು ಕೂಗುತ್ತಿದ್ದರು.

"ನಾನು ಅತ್ತಿದ್ದಕ್ಕೆ ಚಪ್ಪಾಳೆ ತಟ್ತಿದಾರೆ" ಅಂದಳು.

ವೆಂದೆಲೀನ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ಆಂಟಿ, ಆ ವರ್ಷ..." ಎಂದಳು. ಗಾಡಿಯ ಬಾಗಿಲು ಹಿಡಿದುಕೊಂಡಳು.

ನನಗೂ ಸುಲಭವಾಗಿರಲಿಲ್ಲ. "ಆ ವರ್ಷಾನೂ ಹೀಗೇ ತಟ್ಟಿದ್ರಮ್ಮ" ಅಂದೆ. "ನಿಮ್ಮಪ್ಪ ಇದೇ ಬಾಗಿಲಿಂದ ಬಂದು, ಈ ಗೋಡೆಗೆ ಹಣೆ ಒತ್ಕೊಂಡು ನಿಂತ. ಒಳಗೆ ಕರ್ದೆ, ಬರ್ಲಿಲ್ಲ. ಮಗಳಿಗೆ ಹೇಳ್ತೀನಿ ಅಂದೆ. ಬೇಡ ಅಂದ. ಅವಳು ಸಿಟ್ಟಲ್ಲೇ ಇರ್ಲಿ ಬ್ಲಾಝೆನಾ, ಸಿಟ್ಟಿರೋವರೆಗೆ ಅಮ್ಮನ್ನ ನೆನೆಸ್ಕೊಂಡು ಸೊರಗಲ್ಲ ಅಂದ."

ಲಿಯೋನಾ ಗಾಡಿಯ ಹಿಂದಕ್ಕೆ ಹತ್ತಿ, ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತಳು.

"ಅಲ್ಲಿ ಯಾರನ್ನೂ ಕೂರಿಸೋ ಹಾಗಿಲ್ಲಮ್ಮ, ನಿಯಮ ಇದೆ" ಅಂದ ವೆಂದೆಲೀನ್. ಹೆಣ ಕದ್ದು ತಂದವನು ನಿಯಮ ಹೇಳುತ್ತಿದ್ದ, ಆದರೆ ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. "ಹೊರಡೋದು ಬೆಳಿಗ್ಗೆ. ರಾತ್ರಿಯೆಲ್ಲ ಶೆಡ್ಡಲ್ಲಿರತ್ತೆ ಗಾಡಿ."

"ಗೊತ್ತು" ಅಂದಳು ಅವಳು, ಮತ್ತು ಒಳಗಿನಿಂದ ಬಾಗಿಲು ಎಳೆದುಕೊಂಡಳು.